ಹೊಸ ಕಾರ್ಡು, ಹಳೆಯ ಪ್ರೊಸೆಸರ್: ಗೇಮಿಂಗ್ ಕಂಪ್ಯೂಟರಿನ ಬಾಟಲ್‌ನೆಕ್ ಬಿಡಿಸುವ ಬಗೆ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಗುಡ್ಡಗಳಲ್ಲಿ, ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ತೋಡಿದ ಸುರಂಗವನ್ನು ನಂಬಿ ಅಡಿಕೆ ತೋಟ ಮಾಡಿದವರಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತಿದೆ. ಸುರಂಗದಿಂದ ಹೆಬ್ಬೆರಳು ಗಾತ್ರದ ನೀರು ಬರುತ್ತಿರುವಾಗ ಟಾಂಕಿಯ ಬಳಿ ಎಷ್ಟು ಎಚ್‌ಪಿಯ ಪಂಪು ಇಟ್ಟರೂ ದಿನದ ಕೊನೆಗೆ ಮರದ ಬುಡ ತಲುಪುವುದು ಸುರಂಗ ಕೊಟ್ಟಷ್ಟೇ ನೀರು. ದೊಡ್ಡ ಪಂಪು ಟಾಂಕಿಯನ್ನು ಬೇಗ ಬರಿದುಮಾಡಿ ಉಳಿದ ಹೊತ್ತು ಸುಮ್ಮನೆ ಕೂರುತ್ತದೆ. ಕಳೆದ ಬೇಸಗೆಯಲ್ಲಿ ನನ್ನ ಅಕ್ಕನ ಮಗ ತನ್ನ ಗೇಮಿಂಗ್ ಕಂಪ್ಯೂಟರಿಗೆ ಮಾಡಿದ್ದು ಇದನ್ನೇ. 2019ರಲ್ಲಿ ಜೋಡಿಸಿದ ಯಂತ್ರ ಅದು: ರೈಜೆನ್ 3 1200 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ್‍ಯಾಮ್ ಪಟ್ಟಿ, ಜಿಟಿಎಕ್ಸ್ 1050 ಟಿಐ ಕಾರ್ಡು. ಆ ಕಾರ್ಡನ್ನು ತೆಗೆದು 12 ಜಿಬಿಯ ಆರ್‌ಟಿಎಕ್ಸ್ 3060 ಹಾಕಿದ ಮೇಲೆ ಚಿತ್ರ ಚೆಂದವಾಯಿತು, ಆದರೆ ಜನಜಂಗುಳಿಯ ದೃಶ್ಯ ಬಂದಾಗಲೆಲ್ಲ ಆಟ ಮೊದಲಿನಂತೆಯೇ ತಡವರಿಸಿತು. "ಮಾವ, ಕಾರ್ಡು ಡೂಪ್ಲಿಕೇಟ್ ಇರಬಹುದಾ?" ಎಂದು ಅವನು ಕೇಳಿದ. ಕಾರ್ಡು ಸರಿಯಾಗಿಯೇ ಇತ್ತು. ಅದಕ್ಕೆ ಕೆಲಸ ಒದಗಿಸುವ ಪ್ರೊಸೆಸರ್ ಸೋತಿತ್ತು.

ಆಟದ ಒಂದೊಂದು ಫ್ರೇಮ್, ಅಂದರೆ ತೆರೆಯ ಮೇಲೆ ಮೂಡುವ ಒಂದೊಂದು ಚಿತ್ರ, ತಯಾರಾಗುವಾಗ ಮೊದಲ ಕೆಲಸ ಪ್ರೊಸೆಸರಿನದು. ಯಾರು ಎಲ್ಲಿ ನಿಂತಿದ್ದಾರೆ, ಹಾರಿದ ಗುಂಡು ಎಲ್ಲಿ ತಗಲಿತು, ಎದುರಾಳಿ ಯಾವ ಕಡೆ ತಿರುಗಬೇಕು, ನೆಟ್‌ವರ್ಕಿನಿಂದ ಬಂದ ಸುದ್ದಿ ಏನು ಎಂಬುದನ್ನೆಲ್ಲ ಲೆಕ್ಕ ಹಾಕಿ, ಬಿಡಿಸಬೇಕಾದ ವಸ್ತುಗಳ ಪಟ್ಟಿಯನ್ನು ಅದು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಬೇಕು. ಆಮೇಲಷ್ಟೇ ಕಾರ್ಡು ಬಣ್ಣ ಬಳಿಯಲು ಕೂರುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡ್, 144 ಫ್ರೇಮ್ ಬೇಕಾದರೆ ಸುಮಾರು 6.9 ಮಿಲಿಸೆಕೆಂಡ್. ಪಟ್ಟಿ ತಯಾರಿಸಲು ಪ್ರೊಸೆಸರ್ 20 ಮಿಲಿಸೆಕೆಂಡ್ ತೆಗೆದುಕೊಂಡರೆ, ಕಾರ್ಡು ತನ್ನ ಪಾಲನ್ನು 8 ಮಿಲಿಸೆಕೆಂಡಿನಲ್ಲಿ ಮುಗಿಸಿದರೂ ತೆರೆಯ ಮೇಲೆ ಬರುವುದು ಸೆಕೆಂಡಿಗೆ 50 ಫ್ರೇಮ್ ಮಾತ್ರ. ಬಾಟಲ್‌ನೆಕ್ ಎಂದು ಎಲ್ಲರೂ ಹೇಳುವುದು ಈ ಕಾಯುವಿಕೆಯನ್ನು.

ಮೊದಲು ಅಳೆಯಿರಿ

ಅಂಗಡಿಗೆ ಹೋಗುವ ಮೊದಲು ಒಂದು ಸಂಜೆಯನ್ನು ಅಳತೆಗೆ ಮೀಸಲಿಡಬೇಕು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶವನ್ನು ಅದರ ಜೊತೆಗೇ ಬರುವ ರಿವಾಟ್ಯೂನರ್ ಸಮೇತ ಹಾಕಿಕೊಂಡರೆ, ಆಟ ನಡೆಯುತ್ತಿರುವಾಗಲೇ ತೆರೆಯ ಮೂಲೆಯಲ್ಲಿ ಫ್ರೇಮ್ ದರ, ಫ್ರೇಮ್ ಸಮಯ, ಕಾರ್ಡಿನ ಬಳಕೆ, ಪ್ರೊಸೆಸರಿನ ಪ್ರತಿ ಥ್ರೆಡ್ಡಿನ (ಏಕಕಾಲಕ್ಕೆ ನಡೆಸಬಲ್ಲ ಒಂದೊಂದು ಕೆಲಸದ ಸಾಲಿನ) ಬಳಕೆ ಮತ್ತು ತಾಪಮಾನಗಳು ಕಾಣಿಸುತ್ತವೆ. ಕಾರ್ಡಿನ ಬಳಕೆ ಶೇಕಡಾ 95ರ ಮೇಲೆಯೇ ನಿಂತಿದ್ದರೆ ತಡೆ ಇರುವುದು ಕಾರ್ಡಿನಲ್ಲಿ, ಪ್ರೊಸೆಸರನ್ನು ಬೈಯಬೇಕಾಗಿಲ್ಲ. ಕಾರ್ಡು ಶೇಕಡಾ 50–60ರಲ್ಲಿ ಓಲಾಡುತ್ತಿದ್ದು ಫ್ರೇಮ್ ದರವೂ ಕೆಳಗೇ ಇದ್ದರೆ ಸಂಶಯ ಪ್ರೊಸೆಸರಿನ ಕಡೆ ಹೊರಳುತ್ತದೆ.

ಪ್ರೊಸೆಸರಿನ ಒಟ್ಟು ಬಳಕೆಯ ಅಂಕಿಯನ್ನು ಮಾತ್ರ ನೋಡಿ ಮೋಸ ಹೋಗಬಾರದು. ನಾಲ್ಕೇ ಥ್ರೆಡ್ಡಿನ ರೈಜೆನ್ 3 1200ರಲ್ಲಿ ಒಟ್ಟು ಬಳಕೆ ಶೇಕಡಾ 100ಕ್ಕೆ ತಾಗುವುದು ಕಣ್ಣಿಗೇ ಕಾಣುತ್ತದೆ. ಆದರೆ 12 ಥ್ರೆಡ್ಡಿನ ಪ್ರೊಸೆಸರಿನಲ್ಲಿ ಆಟದ ಮುಖ್ಯ ಥ್ರೆಡ್ ಒಂದೇ ಪೂರ್ತಿ ದಣಿದಿದ್ದರೂ ಒಟ್ಟು ಲೆಕ್ಕಕ್ಕೆ ಅದು ಸೇರಿಸುವುದು ಶೇಕಡಾ 8ರಷ್ಟನ್ನು ಮಾತ್ರ, ಆದ್ದರಿಂದ "ಪ್ರೊಸೆಸರ್ ಅರ್ಧ ಖಾಲಿ ಇದೆಯಲ್ಲ" ಎಂಬ ಭ್ರಮೆ ಹುಟ್ಟುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲೂ ಗ್ರಾಫಿನ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರುಗಳನ್ನು ಬೇರೆ ಬೇರೆ ತೋರಿಸುವಂತೆ ಬದಲಾಯಿಸಿಕೊಳ್ಳಬಹುದು.

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ರೆಸೊಲ್ಯೂಷನ್, ಅಂದರೆ ಚಿತ್ರದ ಚುಕ್ಕಿಗಳ ಸಂಖ್ಯೆ, ಇಳಿಸಿ ನೋಡುವ ಪರೀಕ್ಷೆಯ ಮೇಲೆ. ಆಟದ ಒಂದೇ ಜಾಗದಲ್ಲಿ ನಿಂತು 1080ಪಿಯಲ್ಲಿ ಫ್ರೇಮ್ ದರವನ್ನು ಬರೆದಿಟ್ಟುಕೊಳ್ಳಿ. ಆಮೇಲೆ 720ಪಿಗೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ಕಾರ್ಡಿನ ಹೊರೆ ಅರ್ಧಕ್ಕೂ ಹೆಚ್ಚು ಇಳಿದಿದ್ದರೂ ಫ್ರೇಮ್ ದರ ಏರದಿದ್ದರೆ ಕಾರಣ ಕಾರ್ಡಲ್ಲ ಎಂಬುದು ಖಚಿತ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ನಂತಹ ಅಪ್‌ಸ್ಕೇಲಿಂಗ್‌ನಿಂದ (ಚಿತ್ರವನ್ನು ಸಣ್ಣದಾಗಿ ಬಿಡಿಸಿ ಹಿಗ್ಗಿಸಿ ತೋರಿಸುವ ತಂತ್ರ) ಈ ತೊಂದರೆಗೆ ಪರಿಹಾರ ಸಿಗದಿರುವುದಕ್ಕೂ ಇದೇ ಕಾರಣ: ಅವು ಹಗುರಮಾಡುವುದು ಕಾರ್ಡಿನ ಕೆಲಸವನ್ನು, ಪ್ರೊಸೆಸರಿನದನ್ನಲ್ಲ.

ತೀರ್ಮಾನಕ್ಕೆ ಬರುವ ಮೊದಲು ಕಳ್ಳ ಕಾರಣಗಳನ್ನು ಹೊರಗಿಡಬೇಕು. ಫ್ರೇಮ್ ದರವನ್ನು ಮಾನಿಟರಿನ ವೇಗಕ್ಕೆ ಕಟ್ಟುವ ವಿ-ಸಿಂಕ್ ಅಥವಾ ಫ್ರೇಮ್ ಮಿತಿ ಚಾಲೂ ಇದ್ದರೆ ಕಾರ್ಡು ಬೇಕೆಂದೇ ಅರ್ಧ ಕೆಲಸ ಮಾಡುತ್ತದೆ. ಅದು ಬಾಟಲ್‌ನೆಕ್ ಅಲ್ಲ. 60 ಹರ್ಟ್ಸ್ ಮಾನಿಟರಿನಲ್ಲಿ 60 ಫ್ರೇಮ್ ಸ್ಥಿರವಾಗಿ ಬರುತ್ತಿದ್ದರೆ ಹಣ ಖರ್ಚು ಮಾಡುವ ಕಾರಣವೇ ಇಲ್ಲ. ಪ್ರೊಸೆಸರ್ ಕೂಲರಿನ ರೆಕ್ಕೆಗಳ ನಡುವೆ ವರ್ಷಗಳ ಧೂಳು ಕಂಬಳಿಯಂತೆ ಕೂತಿದ್ದರೆ ಬಿಸಿ ಏರಿ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ, ಆಗ ಬೇಕಾದದ್ದು ಹೊಸ ಪ್ರೊಸೆಸರಲ್ಲ, ಒಂದು ಬ್ರಶ್ಶು.

ದುಡ್ಡಿಲ್ಲದೆ ಆಗುವ ಕೆಲಸ

ಆಟದ ಸೆಟ್ಟಿಂಗ್‌ಗಳಲ್ಲಿ ಪ್ರೊಸೆಸರಿಗೆ ಹೊರೆಯಾಗುವವು ಬೇರೆ, ಕಾರ್ಡಿಗೆ ಹೊರೆಯಾಗುವವು ಬೇರೆ. ಜನಸಂದಣಿಯ ಪ್ರಮಾಣ, ಎಷ್ಟು ದೂರದವರೆಗೆ ವಸ್ತುಗಳು ಕಾಣಬೇಕು ಎಂಬುದು, ನೆರಳಿನ ವಿವರ, ಫಿಸಿಕ್ಸ್, ರೇ ಟ್ರೇಸಿಂಗ್ ಇವುಗಳನ್ನು ತಗ್ಗಿಸಿದರೆ ಪ್ರೊಸೆಸರ್ ಉಸಿರಾಡುತ್ತದೆ. ಟೆಕ್ಸ್‌ಚರ್ ಗುಣಮಟ್ಟವನ್ನು ತಗ್ಗಿಸುವುದರಿಂದ ಪ್ರೊಸೆಸರಿಗೆ ಏನೂ ಲಾಭವಿಲ್ಲ. ಚಿತ್ರ ಹಾಳಾಗುತ್ತದೆ, ಅಷ್ಟೇ.

ಇನ್ನೊಂದು ರ್‍ಯಾಮಿನ ವಿಷಯ. ರ್‍ಯಾಮಿನ ಮೇಲೆ ವೇಗ 3200 ಎಂದು ಬರೆದಿದ್ದರೂ, ಬೋರ್ಡಿನೊಳಗೇ ಇದ್ದು ಯಂತ್ರವನ್ನು ಎಬ್ಬಿಸುವ ತಂತ್ರಾಂಶವಾದ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಎಂಬ ಆಯ್ಕೆಯನ್ನು ಚಾಲೂ ಮಾಡದೆ ಇದ್ದರೆ ಅದು 2133 ಅಥವಾ 2400ರಲ್ಲಿ ತೆವಳುತ್ತಿರಬಹುದು. ಒಂದೇ ಪಟ್ಟಿ ಇದ್ದರೆ ಪ್ರೊಸೆಸರಿನ ಎರಡು ದಾರಿಗಳಲ್ಲಿ ಒಂದು ಮುಚ್ಚಿಯೇ ಇರುತ್ತದೆ, ಮತ್ತು ಇದರ ನೋವು ರೈಜೆನ್‌ಗೆ ಚೆನ್ನಾಗಿಯೇ ತಟ್ಟುತ್ತದೆ. ಅಕ್ಕನ ಮಗನ ಯಂತ್ರಕ್ಕೆ ಅದೇ ವೇಗದ ಇನ್ನೊಂದು 8 ಜಿಬಿ ಪಟ್ಟಿ ಹಾಕಿದ ದಿನವೇ ತಡವರಿಕೆ ಒಂದಿಷ್ಟು ಕಡಿಮೆಯಾಯಿತು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಪಟ್ಟಿಗಳು ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಕೂರಬೇಕು.

ಯಾವ ಪ್ರೊಸೆಸರ್, ಯಾವ ಬೋರ್ಡು

ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಯಾವುದು ಎಂಬುದರ ಮೇಲೆ ಮುಂದಿನ ಖರ್ಚೆಲ್ಲ ನಿಂತಿದೆ. ಸಿಪಿಯು-ಝಡ್ ಎಂಬ ಸಣ್ಣ ತಂತ್ರಾಂಶ ಪ್ರೊಸೆಸರ್, ಬೋರ್ಡಿನ ಮಾಡೆಲ್, ಬಯಾಸ್ ಆವೃತ್ತಿ ಮೂರನ್ನೂ ತೋರಿಸುತ್ತದೆ. ಎಎಂಡಿಯ ಎಎಂ4 ಸಾಕೆಟ್ ಇದ್ದರೆ ನೀವು ಅದೃಷ್ಟವಂತರು, ಏಕೆಂದರೆ 2017ರ ಮೊದಲ ರೈಜೆನ್‌ನಿಂದ 5000 ಸರಣಿಯವರೆಗೆ ಸಾಕೆಟ್ ಬದಲಾಗಲಿಲ್ಲ. ಪ್ರೊಸೆಸರ್ ಒಂದನ್ನೇ ಬದಲಿಸಿ ಉಳಿದುದನ್ನೆಲ್ಲ ಉಳಿಸಿಕೊಳ್ಳಬಹುದು. 2025ರ ಕೊನೆಯ ತಿಂಗಳುಗಳಿಂದ ರ್‍ಯಾಮಿನ ಬೆಲೆ ಏರಿರುವುದರಿಂದ, ಕೈಯಲ್ಲಿರುವ ಡಿಡಿಆರ್4 ಪಟ್ಟಿಗಳನ್ನು ಬಿಟ್ಟು ಹೊಸ ಬಗೆಯ ಡಿಡಿಆರ್5 ಪಟ್ಟಿ ಬೇಡುವ ಎಎಂ5 ಸಾಕೆಟಿನ ಕಡೆಗೆ ಹಾರುವುದು ಬಜೆಟ್ ಕಿರಿದಾಗಿರುವವರಿಗೆ ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ.

ಎಎಂ4ರಲ್ಲಿ ಹೆಚ್ಚಿನವರಿಗೆ ಸರಿಹೊಂದುವುದು 2022ರಲ್ಲಿ ಬಂದ ರೈಜೆನ್ 5 5600. ಆರು ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್, 4.4 ಗಿಗಾಹರ್ಟ್ಸ್ ವರೆಗಿನ ವೇಗ, 32 ಎಂಬಿ ಎಲ್3 ಕ್ಯಾಶ್; ಹಳೆಯ 1200ರಲ್ಲಿ ಈ ಕ್ಯಾಶ್ ಇದ್ದದ್ದು 8 ಎಂಬಿ. ಆಟಗಳಿಗೆ ಕ್ಯಾಶ್ ಎಂದರೆ ಕೈಗೆಟಕುವ ಅಡುಗೆಮನೆಯ ಗೂಡು. ಬೇಕಾದದ್ದು ಅಲ್ಲೇ ಸಿಕ್ಕರೆ ಪ್ರತಿ ಸಲವೂ ಉಗ್ರಾಣಕ್ಕೆ, ಅಂದರೆ ರ್‍ಯಾಮಿಗೆ, ಓಡಬೇಕಾಗಿಲ್ಲ. 5700ಎಕ್ಸ್3ಡಿ ಮತ್ತು 5800ಎಕ್ಸ್3ಡಿ ಎಂಬ ಎಂಟು ಕೋರಿನ ಪ್ರೊಸೆಸರುಗಳಲ್ಲಿ ಈ ಗೂಡು 96 ಎಂಬಿಯಷ್ಟು ದೊಡ್ಡದು, ಆದ್ದರಿಂದ ಆಟಗಳಲ್ಲಿ ಅವು ಎಎಂ4ರ ಮುಂಚೂಣಿಯಲ್ಲಿವೆ; ನ್ಯಾಯವಾದ ಬೆಲೆಗೆ ಸಿಕ್ಕರೆ ಬಿಡಬಾರದು, ಆದರೆ ಅವುಗಳ ಡಬ್ಬಿಯಲ್ಲಿ ಕೂಲರ್ ಇರುವುದಿಲ್ಲ. ಹೆಸರಿನ ಸಾಮ್ಯಕ್ಕೆ ಮರುಳಾಗಿ 5500 ಅಥವಾ 5600ಜಿ ಕೊಳ್ಳುವವರಿದ್ದಾರೆ. ಅವುಗಳಲ್ಲಿ ಕ್ಯಾಶ್ ಅರ್ಧ, 16 ಎಂಬಿ ಮಾತ್ರ. ಅಂಗಡಿಯವರು "ಎರಡೂ ಒಂದೇ" ಎಂದರೆ ಒಪ್ಪಬೇಡಿ.

ಇಂಟೆಲ್‌ನವರ ದಾರಿ ಇಷ್ಟು ಸಲೀಸಲ್ಲ. ಎಲ್‌ಜಿಎ1151 ಎಂಬ ಒಂದೇ ಹೆಸರಿನ ಸಾಕೆಟ್ ಇದ್ದರೂ 6 ಮತ್ತು 7ನೇ ಪೀಳಿಗೆಯ ಬೋರ್ಡಿಗೆ 8 ಮತ್ತು 9ನೇ ಪೀಳಿಗೆಯ ಪ್ರೊಸೆಸರ್ ಹೊಂದುವುದಿಲ್ಲ. 4ನೇ ಪೀಳಿಗೆಯ ಐ5-4460 ಇರುವವರು ಸೆಕೆಂಡ್ ಹ್ಯಾಂಡ್ ಐ7-4790 ಹಾಕಿ ನಾಲ್ಕು ಥ್ರೆಡ್ಡನ್ನು ಎಂಟು ಮಾಡಿಕೊಳ್ಳಬಹುದಾದರೂ, 2014ರ ಆ ತಂತ್ರಜ್ಞಾನಕ್ಕೆ ಇನ್ನು ಹಣ ಸುರಿಯುವುದು ಒಣಗಿದ ತೆಂಗಿಗೆ ಗೊಬ್ಬರ ಹಾಕಿದಂತೆ. ಅಂಥವರು ಬೋರ್ಡು, ಪ್ರೊಸೆಸರ್, ರ್‍ಯಾಮ್ ಮೂರನ್ನೂ ಬದಲಿಸುವುದೇ ಸರಿ; ಡಿಡಿಆರ್4 ಬೋರ್ಡಿನ ಮೇಲೆ ಐ5-12400ಎಫ್ ಈಗಲೂ ಒಳ್ಳೆಯ ಆಯ್ಕೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಂಟೆಲ್ 8ನೇ ಪೀಳಿಗೆಗಿಂತ ಹಿಂದಿನವು ಬಹುತೇಕ ಇಲ್ಲ, ರೈಜೆನ್ 3 1200 ಕೂಡ ಇಲ್ಲ. 5600 ಹಾಕಿದರೆ ಈ ಚಿಂತೆಯೂ ತೊಲಗುತ್ತದೆ.

ಕಾಸರಗೋಡಿನ ಪೇಟೆಯಲ್ಲಿ ಆಯ್ಕೆ ಕಡಿಮೆ ಎನಿಸಿದರೆ ರೈಲು ಹತ್ತಿ ಮಂಗಳೂರಿಗೆ ಹೋಗುವುದು ನಮ್ಮ ಕಡೆಯ ವಾಡಿಕೆ. ಹೋಗುವಾಗ ಬೋರ್ಡಿನ ಪೂರ್ತಿ ಮಾಡೆಲ್ ಹೆಸರನ್ನು ಬರೆದುಕೊಂಡು ಹೋಗಿ. ತೆರಿಗೆ ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಈಚೆಗೂ ಆಚೆಗೂ ಒಂದೇ. ಬಿಲ್ಲಿಲ್ಲದೆ ಕಡಿಮೆ ಮಾಡಿಕೊಡುತ್ತೇನೆ ಎಂಬ ಮಾತಿಗೆ ಬಿದ್ದರೆ ವಾರಂಟಿ ಹೋಗುತ್ತದೆ. ಮೊಹರು ಒಡೆಯದ ಡಬ್ಬಿಯ ಎಎಂಡಿ ಪ್ರೊಸೆಸರಿಗೆ ಕಂಪನಿಯ ಮೂರು ವರ್ಷದ ವಾರಂಟಿ ಇದೆ. ಟ್ರೇ ಎಂದು ಕರೆಯುವ, ಡಬ್ಬಿಯಿಲ್ಲದ ಮಾಲಿಗೆ ಮಾರುವವನು ಬಿಲ್ಲಿನಲ್ಲಿ ಬರೆದುಕೊಟ್ಟದ್ದೇ ವಾರಂಟಿ.

ಬಯಾಸ್: ಪ್ರೊಸೆಸರ್ ಬಿಚ್ಚುವ ಮೊದಲೇ

ಇಡೀ ಕೆಲಸದಲ್ಲಿ ಎಡವಲು ಅತ್ಯಂತ ಸುಲಭವಾದ ಜಾಗ ಇದು. 2019ರ ಬಯಾಸ್‌ಗೆ 2022ರ ಪ್ರೊಸೆಸರಿನ ಗುರುತು ಇರುವುದಿಲ್ಲ, ಆದ್ದರಿಂದ ಹಳೆಯ ಪ್ರೊಸೆಸರ್ ಇನ್ನೂ ಸಾಕೆಟಿನಲ್ಲಿ ಇರುವಾಗಲೇ ಬಯಾಸ್ ಹೊಸದಾಗಬೇಕು. ಮರೆತು ಹೊಸದನ್ನು ಕೂರಿಸಿದರೆ ಫ್ಯಾನ್ ತಿರುಗುತ್ತದೆ, ತೆರೆ ಕಪ್ಪಾಗಿಯೇ ಇರುತ್ತದೆ, ಹಳೆಯದನ್ನು ಮತ್ತೆ ಹಾಕಿ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಬೋರ್ಡು ತಯಾರಿಸಿದ ಕಂಪನಿಯ ಬೆಂಬಲ ಪುಟದಲ್ಲಿ ಯಾವ ಪ್ರೊಸೆಸರಿಗೆ ಕನಿಷ್ಠ ಯಾವ ಬಯಾಸ್ ಬೇಕು ಎಂಬ ಪಟ್ಟಿ ಇರುತ್ತದೆ. ಮಾಡೆಲ್ ಹೆಸರಿನ ಜೊತೆಗೆ ಬೋರ್ಡಿನ ಮೇಲೆ ಅಚ್ಚಾದ ರಿವಿಷನ್ ಸಂಖ್ಯೆಯನ್ನೂ ಹೊಂದಿಸಿ ನೋಡಬೇಕು. ಕೆಲವು ಬೋರ್ಡುಗಳು ತೀರಾ ಹಳೆಯ ಆವೃತ್ತಿಯಿಂದ ನೇರವಾಗಿ ಹೊಸದಕ್ಕೆ ಜಿಗಿಯಲು ಬಿಡದೆ ನಡುವೆ ಒಂದು ಮೆಟ್ಟಿಲನ್ನು ಕೇಳುತ್ತವೆ. ಆವೃತ್ತಿಯ ಕೆಳಗಿನ ಟಿಪ್ಪಣಿಯಲ್ಲಿ ಇದು ಬರೆದಿರುತ್ತದೆ, ಓದದೆ ಮುಂದೆ ಹೋಗಬೇಡಿ. ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಕಡತವನ್ನು ಬಿಚ್ಚಿ ಹಾಕಿ, ಬಯಾಸ್‌ನ ಒಳಗಿರುವ ಫ್ಲ್ಯಾಶ್ ಸೌಲಭ್ಯದಿಂದಲೇ ಬರೆಸಬೇಕು. ವಿಂಡೋಸ್ ಒಳಗಿಂದ ಬಯಾಸ್ ಬರೆಯುವ ತಂತ್ರಾಂಶಗಳನ್ನು ನಾನು ಮುಟ್ಟುವುದಿಲ್ಲ.

ಬರೆಯುವ ಕೆಲವು ನಿಮಿಷಗಳಲ್ಲಿ ಕರೆಂಟು ಹೋದರೆ ಬೋರ್ಡೇ ಸತ್ತ ಹಾಗೆ, ಮತ್ತು ನಮ್ಮ ಊರಿನ ಕರೆಂಟಿನ ಬಗ್ಗೆ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಸಾಧ್ಯವಾದರೆ ಈ ಕೆಲಸವನ್ನು ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಮೊದಲೇ ಮುಗಿಸಿ. ಆಮೇಲಿನ ಗಾಳಿಮಳೆಗೆ ಲೈನಿನ ಮೇಲೆ ಯಾವ ಹೊತ್ತಿಗೆ ಯಾವ ಮರ ಬೀಳುತ್ತದೆ ಎಂದು ಹೇಳಲಾಗದು, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಸಿಡಿಲಂತೂ ಇನ್ನೂ ಕೆಟ್ಟದು. ಯುಪಿಎಸ್ ಇದೆ ಎಂದು ಧೈರ್ಯದಿಂದ ಕೂರುವ ಮೊದಲು ಅದರ ಬ್ಯಾಟರಿಯನ್ನು ಪರೀಕ್ಷಿಸಿ: ಕಂಪ್ಯೂಟರನ್ನು ಬಯಾಸ್ ಪರದೆಯಲ್ಲಿ ನಿಲ್ಲಿಸಿ ಯುಪಿಎಸ್‌ನ ಪ್ಲಗ್ಗಿನ ಸ್ವಿಚ್ಚನ್ನು ಆರಿಸಿ, ಹತ್ತು ನಿಮಿಷ ತಡೆಯುತ್ತದೆಯೇ ನೋಡಿ. ಮನೆಯ ಇನ್ವರ್ಟರ್ ಮೇಲೆ ಕೆಲಸ ನಡೆಸುವವರು ಅದರ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಎಂಬ ಗುಂಡಿ ಇದ್ದರೆ ಅದನ್ನು ಹಾಕಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕರೆಂಟು ಬದಲಾಗುವ ಆ ಒಂದು ಕ್ಷಣದಲ್ಲಿ ಕಂಪ್ಯೂಟರ್ ಆರಿಹೋಗಬಹುದು.

ಬಯಾಸ್ ಬರೆದಾದ ಮೇಲೆ ಹಳೆಯ ಸೆಟ್ಟಿಂಗ್‌ಗಳೆಲ್ಲ ಅಳಿಸಿಹೋಗುತ್ತವೆ. ವಿಂಡೋಸ್ ಹಳೆಯ ಲೆಗಸಿ ರೀತಿಯಲ್ಲಿ ಇನ್‌ಸ್ಟಾಲ್ ಆಗಿದ್ದರೆ ಬೂಟ್ ಆಗದೆ ಗಾಬರಿ ಹುಟ್ಟಿಸಬಹುದು. ಹಳೆಯ ರೀತಿಯ ಬೂಟಿಗೆ ಅವಕಾಶ ಕೊಡುವ ಸಿಎಸ್‌ಎಂ ಆಯ್ಕೆಯನ್ನು ಬಯಾಸ್‌ನಲ್ಲಿ ಮತ್ತೆ ಚಾಲೂ ಮಾಡಿದರೆ ಸರಿಹೋಗುತ್ತದೆ. ಡಿಸ್ಕಿಗೆ ವಿಂಡೋಸಿನ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಹೊಸ ಪ್ರೊಸೆಸರ್ ಕೂರಿಸಿ ಮೊದಲ ಸಲ ಚಾಲೂ ಮಾಡಿದಾಗ ಎಫ್‌ಟಿಪಿಎಂ (ಅಂಥ ಬೀಗದ ಕೀಗಳನ್ನು ಕಾಯುವ, ಪ್ರೊಸೆಸರಿನೊಳಗಿನ ಭದ್ರತಾ ವ್ಯವಸ್ಥೆ) ಮರುಹೊಂದಿಸಲು ವೈ ಅಥವಾ ಎನ್ ಒತ್ತಿ ಎಂಬ ಪ್ರಶ್ನೆ ಬರಬಹುದು. ಬಿಟ್‌ಲಾಕರ್ ಇಲ್ಲದವರು ವೈ ಒತ್ತಬಹುದು. ಇರುವವರು ಕೀ ಕೈಯಲ್ಲಿಲ್ಲದೆ ಒತ್ತಿದರೆ ತಮ್ಮ ಕಡತಗಳಿಗೆ ತಾವೇ ಬೀಗ ಜಡಿದಂತಾಗುತ್ತದೆ.

ಬಿಚ್ಚುವುದು, ಕೂರಿಸುವುದು

ಎಎಂ4 ಪ್ರೊಸೆಸರಿನ ಪಿನ್ನುಗಳು ಸಾಕೆಟಿನಲ್ಲಿಲ್ಲ, ಪ್ರೊಸೆಸರಿನ ಹೊಟ್ಟೆಯಲ್ಲಿವೆ, ಒಟ್ಟು 1331. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಹಳೆಯದಾಗಿ ಗೋಂದಿನಂತೆ ಗಟ್ಟಿಯಾಗಿರುವಾಗ ಕೂಲರನ್ನು ನೆಟ್ಟಗೆ ಎಳೆದರೆ ಬೀಗ ಹಾಕಿದ ಸಾಕೆಟಿನಿಂದಲೂ ಪ್ರೊಸೆಸರ್ ಕಿತ್ತು ಬಂದು ಪಿನ್ನುಗಳು ಬಾಗುವುದುಂಟು. ಅದಕ್ಕೆ, ಬಿಚ್ಚುವ ಮೊದಲು ಯಾವುದಾದರೂ ಆಟವನ್ನು ಕಾಲು ಗಂಟೆ ಓಡಿಸಿ ಪೇಸ್ಟ್ ಬಿಸಿಯಾಗಿ ಮೆತ್ತಗಾದ ಮೇಲೆ ಕಂಪ್ಯೂಟರ್ ಆರಿಸಿ, ಪ್ಲಗ್ಗು ಕಿತ್ತು, ಸ್ಕ್ರೂಗಳನ್ನು ಸಡಿಲಿಸಿ, ಕೂಲರನ್ನು ಮುಚ್ಚಳ ತಿರುಗಿಸಿದಂತೆ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುತ್ತ ಎತ್ತಬೇಕು. ನಾಲ್ಕು ಸ್ಕ್ರೂಗಳಿರುವ ಕೂಲರಾದರೆ ಅವುಗಳನ್ನು ಬಿಚ್ಚಿದೊಡನೆ ಬೋರ್ಡಿನ ಹಿಂದಿನ ತಗಡು ಕಳಚಿ ಬೀಳುತ್ತದೆ. ಹಿಂದಿನಿಂದ ಒಂದು ಕೈ ಆಧಾರವಿರಲಿ.

ಲಿವರ್ ಎತ್ತಿ ಹಳೆಯದನ್ನು ತೆಗೆದು, ಹೊಸದರ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟಿನ ತ್ರಿಕೋನಕ್ಕೆ ಸರಿಹೊಂದಿಸಿ ಇಟ್ಟರೆ ಅದು ತನ್ನ ಭಾರಕ್ಕೇ ಇಳಿದು ಕೂರಬೇಕು. ಒತ್ತಬೇಕೆನಿಸಿದರೆ ಏನೋ ತಪ್ಪಿದೆ ಎಂದೇ ಅರ್ಥ. ಪ್ರೊಸೆಸರಿನ ಡಬ್ಬಿಯಲ್ಲೇ ಬಂದ ಹೊಸ ಕೂಲರಿನ ಅಡಿಯಲ್ಲಿ ಸಾಮಾನ್ಯವಾಗಿ ಪೇಸ್ಟ್ ಬಳಿದೇ ಬಂದಿರುತ್ತದೆ. ಹಳೆಯ ಕೂಲರನ್ನೇ ಬಳಸುವುದಾದರೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ತೊಗರಿಕಾಳಿನಷ್ಟು ಪೇಸ್ಟ್ ನಡುವೆ ಇಟ್ಟರೆ ಸಾಕು. ಕೈತೊಳೆಯುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಜಿಡ್ಡಿನ ಅಂಶ ಇರುತ್ತದೆ.

ಸ್ಟ್ಯಾಟಿಕ್ ವಿದ್ಯುತ್ತಿನ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಮಳೆ ಜೋರಾದ ಆಟಿ ತಿಂಗಳಲ್ಲಿ ಉಪ್ಪಿನ ಭರಣಿಯೇ ನೀರೊಡೆಯುವ ನಮ್ಮ ಕರಾವಳಿಯಲ್ಲಿ ಅದಕ್ಕಿಂತ ದೊಡ್ಡ ಶತ್ರು ತೇವ. ಕ್ಯಾಬಿನೆಟ್ಟಿನ ಲೋಹವನ್ನು ಆಗಾಗ ಮುಟ್ಟುತ್ತಿದ್ದರೆ ಸ್ಟ್ಯಾಟಿಕ್‌ಗೆ ಸಾಕು. ತೇವಕ್ಕೆ ಮಾತ್ರ ರ್‍ಯಾಮ್ ಪಟ್ಟಿಗಳನ್ನೂ ಕಾರ್ಡನ್ನೂ ಒಮ್ಮೆ ಹೊರತೆಗೆದು, ಚಿನ್ನದ ಬಣ್ಣದ ಅಂಚು ಮಂಕಾಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಪೂರ್ತಿ ಊದಿ ಹಾಕಬೇಕು. ಕ್ಯಾಬಿನೆಟ್ಟು ಮುಟ್ಟಿದಾಗ ಜುಮ್ ಎನ್ನುತ್ತಿದ್ದರೆ ಅದು ಮನೆಯ ಅರ್ಥಿಂಗ್ ದೋಷ; ಮುರಕಲ್ಲಿನ ಗುಡ್ಡದ ಮನೆಗಳಲ್ಲಿ ಬೇಸಗೆಗೆ ಅರ್ಥಿನ ಗುಂಡಿ ಒಣಗುವುದು ಸಾಮಾನ್ಯ. ಹೊಸ ಪ್ರೊಸೆಸರ್ ಹಾಕುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಚಾಲೂ ಆದ ಮೇಲೆ

ಮೊದಲ ಬೂಟ್ ತಡವಾಗಬಹುದು, ಯಂತ್ರ ಎರಡು ಮೂರು ಸಲ ತಾನೇ ಆರಿ ಹೊತ್ತಿಕೊಳ್ಳಬಹುದು; ಅದು ರ್‍ಯಾಮಿನ ಪರಿಚಯ ಮಾಡಿಕೊಳ್ಳುತ್ತಿದೆ, ಕಾಯಿರಿ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿಯನ್ನು ಮತ್ತೆ ಹಾಕಿ. ವಿಂಡೋಸ್ 11ರಲ್ಲಿ ವ್ಯಾಲೊರೆಂಟ್ ಆಡುವವರು ಬಯಾಸ್‌ನಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತೆಯ ಆಯ್ಕೆಗಳೆರಡನ್ನೂ ಚಾಲೂ ಮಾಡಲೇಬೇಕು, ಇಲ್ಲದಿದ್ದರೆ ಆಟ ತೆರೆಯುವುದಿಲ್ಲ. ಆಮೇಲೆ ಮೊದಲು ಅಳತೆ ಮಾಡಿದ್ದ ಅದೇ ಜಾಗಕ್ಕೆ ಹೋಗಿ ಅಂಕಿಗಳನ್ನು ಹೋಲಿಸಿ. ಸರಾಸರಿ ಫ್ರೇಮ್ ದರಕ್ಕಿಂತ ಒಂದು ಶೇಕಡಾ ಲೋ (ಅತಿ ನಿಧಾನದ ಶೇಕಡಾ ಒಂದರಷ್ಟು ಫ್ರೇಮುಗಳ ದರ) ಎಂಬ ಅಂಕಿಯನ್ನು ಹೆಚ್ಚು ಗಮನಿಸಬೇಕು, ಏಕೆಂದರೆ ಕಣ್ಣಿಗೆ ಕುಟುಕುವ ತಡವರಿಕೆ ಅಡಗಿರುವುದು ಅಲ್ಲಿ. ಕೆಲಸ ಸರಿಯಾಗಿದ್ದರೆ ಕಾರ್ಡಿನ ಬಳಕೆ ಈಗ ಶೇಕಡಾ 95ರ ಆಸುಪಾಸಿಗೆ ಏರಿರುತ್ತದೆ.

ಈ ಏರಿಕೆಯ ಜೊತೆಗೆ ಇನ್ನೊಂದು ವಿಷಯವೂ ಬರುತ್ತದೆ, ಅದನ್ನು ನಾನು ಲೆಕ್ಕ ಹಾಕಿರಲಿಲ್ಲ. ಅಕ್ಕನ ಮಗನ ಕಾರ್ಡು ಅಷ್ಟು ದಿನ ಅರೆಬರೆ ದುಡಿದಿತ್ತು. ಹೊಸ ಪ್ರೊಸೆಸರ್ ಬಂದ ಸಂಜೆ ಮೊದಲ ಸಲ ತನ್ನ ಪೂರ್ತಿ 170 ವ್ಯಾಟ್ ಎಳೆಯಿತು. ಪ್ರೊಸೆಸರ್, ಬೋರ್ಡು, ಡಿಸ್ಕುಗಳ ಪಾಲು ಸೇರಿಸಿ, ಕಂಪ್ಯೂಟರಿನ ಪವರ್ ಸಪ್ಲೈ ಆದ ಎಸ್‌ಎಂಪಿಎಸ್‌ನಲ್ಲಿ ಬಿಸಿಯಾಗಿ ಹೋಗುವುದನ್ನೂ ಮಾನಿಟರನ್ನೂ ಕೂಡಿಸಿದರೆ ಒಟ್ಟು 370 ವ್ಯಾಟಿನ ಹತ್ತಿರ ಬರುತ್ತದೆ. ಮೇಜಿನ ಕೆಳಗಿದ್ದದ್ದು 600 ವಿಎ ಯುಪಿಎಸ್, ಅದರ ತಾಕತ್ತು 360 ವ್ಯಾಟ್. ಸಂಜೆ ಏಳರ ಹೊತ್ತಿಗೆ ಕರೆಂಟು ಹೋಯಿತು, ಯುಪಿಎಸ್ ಒಮ್ಮೆ ಕಿರುಚಿ ಕಂಪ್ಯೂಟರನ್ನೂ ಕರೆದುಕೊಂಡು ಆರಿತು. ಈಗ ಆ ಯಂತ್ರದಲ್ಲಿ ಫ್ರೇಮ್ ದರವನ್ನು 75ಕ್ಕೆ ಕಟ್ಟಿಹಾಕಿದ್ದೇವೆ. ಅವನ ಮಾನಿಟರ್ 75 ಹರ್ಟ್ಸಿನದೇ ಆದ್ದರಿಂದ ನಷ್ಟವೇನಿಲ್ಲ, ಕಾರ್ಡೂ ತಂಪಾಗಿದೆ, ಕರೆಂಟು ಹೋದರೆ ಆಟವನ್ನು ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಯುಪಿಎಸ್ ತಡೆಯುತ್ತದೆ.